ಇಬ್ಬಣ್ಣದ ಕಾರ್ಡಿನಲ್

ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಹಿತ್ತಿಲಿನ ಕೊಂಬೆಗೆ ಕಾಳಿನ ತೊಟ್ಟಿಯನ್ನು ತೂಗಿಬಿಟ್ಟು ಹಕ್ಕಿಗಳಿಗೆ ಸೂರ್ಯಕಾಂತಿಯ ಬೀಜವನ್ನಿಡುವ ಗೃಹಸ್ಥರಿಗೆ ಕಾರ್ಡಿನಲ್ ಪಕ್ಷಿ ಚಿರಪರಿಚಿತವಾದ ಅತಿಥಿ. ಚಳಿಗಾಲ ಬಂದಿತೆಂದು ವಲಸೆ ಹೋಗದೆ ಹಿಮ ಮುಸುಕಿದ ಪೊದೆಗಳ ನಡುವೆಯೇ ವರ್ಷವೆಲ್ಲ ಬಾಳುವ, ಏಳು ರಾಜ್ಯಗಳು ತಮ್ಮ ರಾಜ್ಯಪಕ್ಷಿಯೆಂದು ವರಿಸಿರುವ ಈ ಹಕ್ಕಿಯಲ್ಲಿ, ಮುಖದ ಕಪ್ಪನ್ನು ಬಿಟ್ಟರೆ ಗಂಡು ಸರ್ವಾಂಗವೂ ಕೆಂಪು; ಹೆಣ್ಣಾದರೋ ಮಾಸಲು ಕಂದು, ಜುಟ್ಟು ರೆಕ್ಕೆ ಬಾಲಗಳಲ್ಲಿ ಮಾತ್ರ ಕೆಂಪಿನ ಛಾಯೆ.

2019ರ ಆರಂಭದ ಚಳಿಯಲ್ಲಿ ಪೆನ್ಸಿಲ್ವೇನಿಯಾದ ಈರಿ ಪಟ್ಟಣದ ಹಿತ್ತಿಲೊಂದಕ್ಕೆ ಬಂದ ಕಾರ್ಡಿನಲ್ ಹಕ್ಕಿಗೆ ಎದೆಯ ನಡುವೆ ಗೆರೆಯೆಳೆದಂತೆ ಬಲಭಾಗ ಗಂಡಿನ ಕೆಂಪು, ಎಡಭಾಗ ಹೆಣ್ಣಿನ ಕಂದು. ಅರ್ಧನಾರೀಶ್ವರನ ಮೂರ್ತಿಯನ್ನು ಕಂಡು ಬೆಳೆದ ನಮಗೆ ಆ ಹಕ್ಕಿಯ ರೂಪ ಏನನ್ನು ನೆನಪಿಗೆ ತರುವುದೆಂದು ವಿವರಿಸಬೇಕಾಗಿಲ್ಲ.

ಇಂತಹುದೇ ಮತ್ತೊಂದು ಹಕ್ಕಿ, ಆದರೆ ಎಡಭಾಗ ಗಂಡಾದುದು, ಅದಕ್ಕೂ ಮೊದಲು ಇಲಿನಾಯ್ ರಾಜ್ಯದ ರಾಕ್ ಐಲೆಂಡಿನ ಹಿತ್ತಿಲುಗಳಿಗೆ ಕಾಳು ತಿನ್ನಲು ಬರುತ್ತಿದ್ದಿತು. ಪಕ್ಷಿವಿಜ್ಞಾನಿ ಬ್ರಯನ್ ಪೀರ್ ಅವರೂ ಅವರ ಸಹವರ್ತಿಯೂ 2008ರ ಡಿಸೆಂಬರಿನಿಂದ 2010ರ ಮಾರ್ಚಿನವರೆಗೆ ಅದನ್ನು ಆಗಾಗ್ಗೆ ಗಮನಿಸಿದರು. ಅದು ಜೊತೆಗೂಡಿದುದನ್ನಾಗಲಿ ಹಾಡಿದುದನ್ನಾಗಲಿ ಅವರು ಕಾಣಲಿಲ್ಲ. ಬಳಗದ ಇತರ ಹಕ್ಕಿಗಳು ಅದನ್ನು ವಿಶೇಷವಾಗಿ ಪೀಡಿಸಿದುದನ್ನೂ ಕಾಣಲಿಲ್ಲ. ಈರಿಯ ಹಕ್ಕಿಯಾದರೋ ಗಂಡೊಂದರ ಸಂಗಡ ಓಡಾಡುತ್ತಿದ್ದಿತು. ಹೆಣ್ಣುಹಕ್ಕಿಗಳಲ್ಲಿ ಸಾಮಾನ್ಯವಾಗಿ ಎಡಗಡೆಯ ಅಂಡಾಶಯವೊಂದೇ ಬೆಳೆದು ಕಾರ್ಯಸಮರ್ಥವಾಗುವುದರಿಂದ, ಎಡಭಾಗ ಹೆಣ್ಣಾಗಿದ್ದ ಆ ಹಕ್ಕಿ ಮೊಟ್ಟೆಯನ್ನೂ ಇಡಬಲ್ಲುದಾಗಿದ್ದಿತೆಂದು ತಜ್ಞರು ಊಹಿಸಿದರು.

ಪಕ್ಷಿಗಳಲ್ಲಿ ಗಂಡಿಗೆ ಎರಡು ಝಡ್ ವರ್ಣತಂತುಗಳು, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯೂ. ಆದುದರಿಂದ ಅವುಗಳಲ್ಲಿ ಸಂತಾನದ ಲಿಂಗವನ್ನು ನಿರ್ಣಯಿಸುವುದು ತಾಯಿಯ ಅಂಡ. ಅಪರೂಪಕ್ಕೊಮ್ಮೆ ಒಂದೇ ಅಂಡದಲ್ಲಿ ಝಡ್ ಹೊತ್ತ ಕೋಶಕೇಂದ್ರವೊಂದೂ ಡಬ್ಲ್ಯೂ ಹೊತ್ತದ್ದೊಂದೂ ಉಳಿದುಕೊಂಡು, ಎರಡೂ ಬೇರೆ ಬೇರೆ ವೀರ್ಯಾಣುಗಳೊಡನೆ ಕೂಡಿದರೆ, ಅರ್ಧ ಗಂಡು ಅರ್ಧ ಹೆಣ್ಣಾದ ಇಂತಹ ಜೀವ ರೂಪುಗೊಳ್ಳುವುದೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಆದರೆ ನನ್ನನ್ನು ಬಹುವಾಗಿ ಸೆಳೆದಿರುವ ಪ್ರಶ್ನೆ ಇದರ ಮುಂದಿನದು. ಒಂದೇ ಹೃದಯದಿಂದ ಹೊರಟ ರಕ್ತ, ಆ ರಕ್ತದೊಳಗಿನ ಅವೇ ಹಾರ್ಮೋನುಗಳು ಎರಡೂ ಪಾರ್ಶ್ವಗಳಲ್ಲಿ ಹರಿಯುತ್ತಿರುವಾಗ, ಒಂದರ ಗರಿ ಕೆಂಪಾಗಿ ಇನ್ನೊಂದರದು ಕಂದಾಗಿ ಬೆಳೆಯಲು ಕಾರಣವೇನು? ಎಡಿನ್‌ಬರೋದ ರೋಸ್ಲಿನ್ ಸಂಸ್ಥೆಯವರು ಇಂತಹ ಮೂರು ಕೋಳಿಗಳನ್ನು ಪರೀಕ್ಷಿಸಿ 2010ರಲ್ಲಿ ಉತ್ತರವಿತ್ತರು: ಪಕ್ಷಿಯ ದೇಹದಲ್ಲಿ ಪ್ರತಿಯೊಂದು ಜೀವಕೋಶವೂ ತಾನು ಗಂಡೋ ಹೆಣ್ಣೋ ಎಂಬುದನ್ನು ಬಹುಮಟ್ಟಿಗೆ ತನ್ನೊಳಗೇ ಹೊತ್ತಿರುತ್ತದೆ. ಸ್ತನಿಗಳಲ್ಲಿ ಮುಖ್ಯವಾಗಿ ಹಾರ್ಮೋನುಗಳು ದೇಹಕ್ಕೆಲ್ಲ ವಿಧಿಸುವುದನ್ನು, ಹಕ್ಕಿಯ ಕೋಶ ತಾನೇ ಬಹುಪಾಲು ನಿರ್ಧರಿಸಿಕೊಂಡಿರುತ್ತದೆ.

ಈ ವೈಚಿತ್ರ್ಯ ಕಣ್ಣಿಗೆ ಬಿದ್ದುದು ಗಂಡುಹೆಣ್ಣುಗಳ ಬಣ್ಣ ಬೇರೆಯಾದ ಜಾತಿಯಲ್ಲಿ ಎಂಬುದನ್ನು ಮರೆಯಲಾಗದು. ನಮ್ಮ ಹಿತ್ತಿಲಿನ ಪಿಕಳಾರದಲ್ಲಾಗಲಿ ಕಾಗೆಯಲ್ಲಾಗಲಿ ಎರಡೂ ಒಂದೇ ರೂಪವಾದುದರಿಂದ, ಇಂತಹ ಹಕ್ಕಿ ಅನ್ನದ ಅಗುಳಿಗಾಗಿ ನಿತ್ಯವೂ ನಮ್ಮ ಅಂಗಳಕ್ಕೆ ಬಂದು ಹೋದರೂ ನಾವು ಅರಿಯಲಾರೆವು. ಗುಬ್ಬಚ್ಚಿಯ ಮಾತು ಬೇರೆ; ಅಲ್ಲಿ ಗಂಡಿನ ಕೊರಳಿಗೆ ಕಪ್ಪು ಪಟ್ಟೆಯುಂಟು. ಎಳೆಯ ಗಂಡಿನಲ್ಲಿ ಆ ಕಪ್ಪು ಚದುರಿ ಚದುರಿ ಮೂಡುವುದು ಸಹಜ. ಅದು ಕೊರಳ ನಡುವಿಗೆ ಬಂದು ನೇರವಾಗಿ ನಿಂತುಬಿಟ್ಟಿದ್ದರೆ ಮಾತ್ರ ಹಕ್ಕಿಯ ಚಿತ್ರವನ್ನು ಎರಡೂ ಪಾರ್ಶ್ವಗಳಿಂದ ತೆಗೆದಿಡಬೇಕು, ಏಕೆಂದರೆ ಒಂದೇ ಬದಿಯಿಂದ ನೋಡಿದವರಿಗೆ ಅದು ಬರಿಯ ಗಂಡಾಗಿಯೋ ಬರಿಯ ಹೆಣ್ಣಾಗಿಯೋ ತೋರುತ್ತದೆ.