ಕಬ್ಬಾಲ: ಪಡೆದದ್ದು ಮತ್ತು ಬೆಳೆಸಿದ್ದು



ನ್ಯೂಯಾರ್ಕ್–ನ್ಯೂಜೆರ್ಸಿಯಲ್ಲಿ ದುಡಿಯುವ ನಮ್ಮಲ್ಲಿ ಹಲವರಿಗೆ ಯಹೂದಿ ಸಹೋದ್ಯೋಗಿಗಳಿದ್ದಾರೆ. ಅವರ ಹಬ್ಬಗಳು ನಮಗೆ ಗೊತ್ತು; ಅವರ ಅನುಭಾವ ಪರಂಪರೆಯಾದ ಕಬ್ಬಾಲದ ಪರಿಚಯ ಕಡಿಮೆ. ಅದರ ಇತಿಹಾಸವನ್ನು ಜಗತ್ತಿಗೆ ತಿಳಿಸಿದ ಉಪನ್ಯಾಸಗಳು ನಡೆದದ್ದು ಇಲ್ಲೇ. ಜೆರುಸಲೇಮಿನ ವಿದ್ವಾಂಸ ಗೆರ್ಶೋಮ್ ಶೋಲೆಮ್ 1938ರಲ್ಲಿ ನ್ಯೂಯಾರ್ಕಿನ ಜ್ಯೂಯಿಶ್ ಇನ್‌ಸ್ಟಿಟ್ಯೂಟ್ ಆಫ್ ರಿಲಿಜನ್‌ನಲ್ಲಿ ಮಾತಾಡಿದರು. 1941ರಲ್ಲಿ ಅವು ಪುಸ್ತಕವಾದವು.

'ಕಬ್ಬಾಲ' ಎಂದರೆ ಹಿಂದಿನವರಿಂದ ಪಡೆದದ್ದು. ಆದರೆ ಪಡೆದವರು ಸುಮ್ಮನೆ ಕೂರಲಿಲ್ಲ ಎಂಬುದೇ ನನ್ನ ಮಾತಿನ ಸಾರ.

ಹಳೆಯ 'ಸೆಫೆರ್ ಯೆತ್ಸಿರಾ' ಗ್ರಂಥದಲ್ಲಿ ಹತ್ತು 'ಸೆಫಿರೋತ್' ಎಂದರೆ ಮೂಲಸಂಖ್ಯೆಗಳು. 22 ಹೀಬ್ರೂ ಅಕ್ಷರಗಳು ಸೇರಿ ಸೃಷ್ಟಿಯ 32 ದಾರಿಗಳು. ನಮ್ಮಲ್ಲಿ ಶರಣರು ವಚನ ನುಡಿದ 12ನೇ ಶತಮಾನದಲ್ಲೇ ದಕ್ಷಿಣ ಫ್ರಾನ್ಸಿನಲ್ಲಿ 'ಬಾಹಿರ್' ಕಾಣಿಸಿಕೊಂಡಿತು. ಅದರಲ್ಲಿ ಆ ಸಂಖ್ಯೆಗಳು ದೈವೀ ಶಕ್ತಿಗಳಾದವು. ಮುಂದೆ ಸ್ಪೇನಿನ ಜೆರೋನಾದ ಚಿಂತಕರು ಇದಕ್ಕೆ ತತ್ವದ ಚೌಕಟ್ಟು ಕೊಟ್ಟರು: ನಾಮರೂಪಗಳಿಗೆ ಸಿಗದ ಅನಂತ 'ಎಯ್ನ್ ಸೋಫ್', ಅದು ಪ್ರಕಟವಾಗುವ ಹತ್ತು ಸೆಫಿರೋತ್. ನಿರ್ಗುಣ, ಸಗುಣ ಎಂದು ಕೇಳಿ ಬೆಳೆದ ನಮಗಿದು ತೀರಾ ಅಪರಿಚಿತವಲ್ಲ.

13ನೇ ಶತಮಾನದ ಕೊನೆಗೆ ಕ್ಯಾಸ್ಟೀಲಿನಲ್ಲಿ 'ಜೋಹರ್' ಬಂತು. ಪರಂಪರೆಯ ಪ್ರಕಾರ ಅದು 2ನೇ ಶತಮಾನದ ಶಿಮೋನ್ ಬಾರ್ ಯೋಹೈ ಅವರದು. ಅದರ ಅರಾಮಿಕ್ ಭಾಷೆಯನ್ನು ಪರೀಕ್ಷಿಸಿದ ಶೋಲೆಮ್, ಮೋಸೆಸ್ ದೆ ಲಿಯೋನ್ ಬರೆದದ್ದು ಎಂದರು. ಜೋಹರ್‌ನಲ್ಲಿ ಕೊನೆಯ ಸೆಫಿರಾ 'ಶೆಖಿನಾ', ದೇವರ ಸಾನ್ನಿಧ್ಯ, ಜನರ ಜೊತೆ ತಾನೂ ಗಡಿಪಾರಾಗುತ್ತದೆ. ಅದನ್ನು ಮತ್ತೆ ಕೂಡಿಸಲು ಮನುಷ್ಯರ ಪ್ರಾರ್ಥನೆ, ಸತ್ಕರ್ಮ ಬೇಕು.

1492ರಲ್ಲಿ ಸ್ಪೇನ್ ಯಹೂದಿಗಳನ್ನು ಹೊರಹಾಕಿತು. ಮುಂದಿನ ಶತಮಾನದಲ್ಲಿ ಗಲಿಲಾಯದ ಸಫೇದ್ ಊರಲ್ಲಿ ಐಸಾಕ್ ಲೂರಿಯಾ (1534–1572) ಹೊಸ ಕಥೆ ಹೇಳಿದರು: ಜಗತ್ತಿಗೆ ಜಾಗ ಬಿಡಲು ಅನಂತವೇ ಹಿಂದೆ ಸರಿಯಿತು, ಬೆಳಕು ತುಂಬಿದ ಪಾತ್ರೆಗಳು ಒಡೆದು ಕಿಡಿಗಳು ಚದುರಿದವು, ಅವನ್ನು ಎತ್ತಿ ಜೋಡಿಸುವ 'ತಿಕ್ಕುನ್' ಮನುಷ್ಯರ ಕೆಲಸ. ಇದರ ಹಿಂದೆ ಗಡಿಪಾರಿನ ನೋವಿದೆ ಎಂದರು ಶೋಲೆಮ್. ಮೋಶೆ ಇದೆಲ್ ಮುಂತಾದವರು ಇದನ್ನು ಒಪ್ಪುವುದಿಲ್ಲ, ಚರ್ಚೆ ಮುಗಿದಿಲ್ಲ.

ನಮ್ಮನ್ನು ಯಾರೂ ಹೊರಹಾಕಲಿಲ್ಲ, ವೀಸಾ ಹಿಡಿದು ನಾವೇ ಬಂದೆವು. ಹಾಗಾಗಿ ಅವರ ನೋವಿಗೆ ನಮ್ಮದನ್ನು ಹೋಲಿಸಬಾರದು. ಆದರೆ ಅವರ ಹಾದಿಯಿಂದ ಕಲಿಯಬಹುದು. ವಚನವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದರೆ ಪಡೆದದ್ದನ್ನು ದಾಟಿಸಿದಂತೆ, ಅಷ್ಟೇ. ಅದರ ಅರ್ಥವನ್ನು ಪ್ರಶ್ನಿಸಲು ಅವರನ್ನು ಬಿಟ್ಟರೆ ಈ ನೆಲದಲ್ಲೂ ಅದು ಬೆಳೆದೀತು.