ಆಟಿಯ ಕಹಿಮದ್ದು

ಆಟಿ ತಿಂಗಳ ಅಮಾವಾಸ್ಯೆ. ಹೊರಗೆ ಎಡೆಬಿಡದ ಮಳೆ. ಬೆಳಕು ಹರಿಯುವ ಮುನ್ನವೇ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳ್ಳಿಮನೆಗಳಿಂದ ಹೊರಟ ಗಂಡಸರು ಗುಡ್ಡದ ಹಾಲೆಮರದ ಬುಡವನ್ನು ಸೇರುತ್ತಾರೆ. ಕೈಯಲ್ಲಿ ಕತ್ತಿಯಿಲ್ಲ, ಕಲ್ಲಿದೆ. ಆ ಕಲ್ಲಿನಿಂದಲೇ ತೊಗಟೆಯನ್ನು ಜಜ್ಜಿ ತೆಗೆಯಬೇಕೆಂಬುದು ಹಿರಿಯರ ಕಟ್ಟಳೆ. ಒಳ್ಳೆಮೆಣಸು, ಬೆಳ್ಳುಳ್ಳಿ, ಓಮಗಳೊಡನೆ ಅದನ್ನು ಅರೆದು, ರಸ ಹಿಂಡಿ, ಕೆಂಪಗೆ ಕಾದ ಬೆಣಚುಕಲ್ಲನ್ನು ಅದರಲ್ಲಿ ಮುಳುಗಿಸಿದರೆ ಕಷಾಯ ಸಿದ್ಧವಾಯಿತು. ಬರಿಹೊಟ್ಟೆಯಲ್ಲಿ ಮನೆಮಂದಿಯೆಲ್ಲ ಕುಡಿಯಬೇಕು. ಮುಖ ಕಿವುಚುವ ಮಕ್ಕಳಿಗೆ ಅಜ್ಜಿ ತೋರುವ ಆಸೆಯೆಂದರೆ ಬೆನ್ನಿಗೇ ಬರಲಿರುವ ಮೆಂತ್ಯದ ಗಂಜಿ.

ತುಳುವರು ‘ಪಾಲೆ’ ಎನ್ನುವ ಈ ಮರವೇ ಸಂಸ್ಕೃತದ ಸಪ್ತಪರ್ಣ. 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾದ ‘ಹಾರ್ಟಸ್ ಮಲಬಾರಿಕಸ್’ ಗ್ರಂಥದ ಮೊದಲ ಸಂಪುಟದಲ್ಲಿಯೇ ಇದರ ಚಿತ್ರವುಂಟು. ಇದರ ಹಲಗೆಯ ಮೇಲೆ ಶಾಲೆಯ ಮಕ್ಕಳು ಅಕ್ಷರ ಬರೆಯುತ್ತಿದ್ದುದರಿಂದ ಸಸ್ಯಶಾಸ್ತ್ರಜ್ಞರು ಇದನ್ನು ‘ಸ್ಕಾಲಾರಿಸ್’ ಎಂದು ಹೆಸರಿಸಿದರು. ಶಾಂತಿನಿಕೇತನದ ಘಟಿಕೋತ್ಸವದಲ್ಲಿ ಪದವೀಧರರಿಗೆ ಹಿಂದೆ ಕೊಡುತ್ತಿದ್ದುದೂ ಇದರ ಎಲೆಯನ್ನೇ.

ಆಟಿಯೆಂದರೆ ತುಳುನಾಡಿಗೆ ಕಷ್ಟದ ತಿಂಗಳು. ಹಿಂದೆ ಕಣಜ ಬರಿದಾಗಿ, ಜ್ವರ, ಹೊಟ್ಟೆನೋವುಗಳು ಕಾಡುತ್ತಿದ್ದ ಕಾಲವದು. ಚಳಿಜ್ವರಕ್ಕೆ ಹಾಲೆಯ ತೊಗಟೆಯನ್ನು ಭಾರತದ ನಾನಾ ಕಡೆ ಬಳಸುತ್ತ ಬಂದಿದ್ದಾರೆ. ಅಮಾವಾಸ್ಯೆಯಂದು ಸಕಲ ಔಷಧಗಳ ಸಾರವೂ ಈ ಮರದಲ್ಲಿ ನೆಲೆಸುತ್ತದೆಂಬುದು ಜನರ ನಂಬಿಕೆ.

ಆದರೆ ಮುಂಜಾನೆಯ ಮಬ್ಬಿನಲ್ಲಿ ಗುರುತು ತಪ್ಪಿದರೆ ಮದ್ದೇ ವಿಷವಾದೀತು. ಅದೇ ಗುಡ್ಡದಲ್ಲಿ ಕಾಸರಕವೂ ಬೆಳೆಯುತ್ತದೆ. ಅದರ ತೊಗಟೆ, ಬೀಜಗಳು ಘೋರ ವಿಷ. ಹಾಲೆಯ ಎಲೆಗಳು ಸುಮಾರು ಏಳೇಳರಂತೆ ಸುತ್ತುಗಟ್ಟಿರುತ್ತವೆ, ಗಾಯಮಾಡಿದರೆ ಬಿಳಿಯ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಜೋಡಿಜೋಡಿ, ಹಾಲಿಲ್ಲ. ಬಲ್ಲವರು ಹಿಂದಿನ ದಿನ ಹಗಲಿನಲ್ಲಿಯೇ ಮರವನ್ನು ಗುರುತಿಸಿ ಬರುವುದು ಇದಕ್ಕಾಗಿ.

ಈಗ ಈ ತೊಗಟೆ ಪೇಟೆಗೂ ಇಳಿದಿದೆ. ಗುಡ್ಡ ಹತ್ತಲಾರದವರಿಗೆ ಅಂಗಡಿಯಲ್ಲಿ ಕಟ್ಟು ಸಿಗುತ್ತದೆ. ಸಂಘಸಂಸ್ಥೆಗಳು ಕಷಾಯವನ್ನು ಹಂಚುತ್ತವೆ. ಪದ್ಧತಿ ಉಳಿಯಿತೆಂಬುದು ಸಂತೋಷವೇ. ಆದರೆ ಎಲೆಯಲ್ಲಿ ಸಿದ್ಧವಾದ ಆಹಾರ ಬೇರಿಗಿಳಿಯುವುದು ತೊಗಟೆಯ ಮೂಲಕ. ಸುತ್ತಲೂ ಸುಲಿದರೆ ಮರ ಬೇರು ಹಸಿದು ಸಾಯುತ್ತದೆ. ಕಲ್ಲಿನಿಂದ ಜಜ್ಜಿದರೆ ಒಂದು ಮನೆಗೆ ಬೇಕಾದಷ್ಟೇ ತೊಗಟೆ ಬರುತ್ತದೆ, ಕತ್ತಿಯಾದರೆ ಮೂಟೆಗಟ್ಟಲೆ. ಹಿರಿಯರ ಉದ್ದೇಶ ಏನೇ ಇದ್ದಿರಲಿ, ಅವರ ಕಟ್ಟಳೆ ಮರವನ್ನು ಕಾಯಿತು.

ಹಾಲೆಯೊಂದರದೇ ಕಥೆಯಲ್ಲ ಇದು. ಬೆಳ್ತಂಗಡಿಯ ಘಟ್ಟದ ತಪ್ಪಲಿನ ಮಲೆಕುಡಿಯರು ತಲೆಮಾರುಗಳಿಂದ ಸೀಗೆ, ಜೇನು, ರಾಂಪತ್ರೆಗಳನ್ನು ಆಯ್ದು ಬದುಕಿದವರು. ಬಲಿತ ಕಾಯನ್ನಷ್ಟೇ ಕೊಯ್ದರೆ ರಾಂಪತ್ರೆ ಮರುವರ್ಷವೂ ಕೊಡುತ್ತದೆ. ಬೆಲೆಯ ಆಸೆಗೆ ಕೊಂಬೆಯನ್ನೇ ಕಡಿದರೆ ಮರವೂ ಇಲ್ಲ, ಬೀಜವೂ ಇಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸಿ ಮಾರುವ ಹಕ್ಕನ್ನು ವನವಾಸಿಗಳಿಗೆ ನೀಡಿತು. ಕಾಡನ್ನು ಕಾಯುವ ಹೊಣೆಯನ್ನೂ ಅದರೊಡನೆ ಇರಿಸಿತು.

ಊರೂರಿನ ನಾಗಬನಗಳು ಕಾಡುಗಿಡಗಳಿಗೆ ಆಸರೆಯಾಗಿದ್ದವು. ಎಷ್ಟೋ ಬನಗಳಲ್ಲಿ ಇಂದು ಮರಗಳು ಹೋಗಿ ಸಿಮೆಂಟಿನ ಕಟ್ಟೆ ಬಂದಿದೆ. ಹಾಲೆಯ ಬೀಜ ಹಗುರ. ಗಾಳಿಯಲ್ಲಿ ತೇಲಿ ದೂರ ಹೋಗಿ ಬೀಳುತ್ತದೆ. ಅದು ಮೊಳೆಯಲು ಒಂದಿಷ್ಟು ಮಣ್ಣನ್ನು ಬಿಟ್ಟುಕೊಟ್ಟರೆ, ಮುಂದಿನ ಪೀಳಿಗೆಯ ಮಕ್ಕಳೂ ಆಟಿಯ ಅಮಾವಾಸ್ಯೆಯಂದು ಮುಖ ಕಿವುಚಿ, ಗಂಜಿಗಾಗಿ ಕಾದಾರು.