ಕಣ್ಣಿನ ಪೊರೆಯೂ ಲೇಸರ್ ಕಿರಣವೂ

ಕನ್ನಡದಲ್ಲಿ ಈ ವ್ಯಾಧಿಗೆ ಪೊರೆ ಎಂಬ ಹೆಸರು ರೂಢಿಯಾಗಿದೆ. ಮರಾಠಿಯ ನೆರೆಯಲ್ಲಿ ಬಾಳುವವರು ಮೋತಿಬಿಂದು ಎನ್ನುವುದೂ ಉಂಟು. ಪೊರೆ ಎಂಬ ಮಾತು ಸೊಗಸಾದುದಾದರೂ ಅರ್ಥದಲ್ಲಿ ದಾರಿ ತಪ್ಪಿಸುವಂಥದು. ಹಾವಿನ ಪೊರೆಯಂತೆ ಕಣ್ಣಿನ ಮೇಲೊಂದು ತೆಳುಪದರ ಬೆಳೆಯುತ್ತದೆ, ವೈದ್ಯನು ಅದನ್ನು ಸುಲಿದು ತೆಗೆಯುತ್ತಾನೆ ಎಂಬ ಭಾವನೆ ಆ ಹೆಸರಿನಿಂದಲೇ ಹುಟ್ಟುತ್ತದೆ. ವಸ್ತುಸ್ಥಿತಿ ಬೇರೆ. ಪಾಪೆಯ ಹಿಂದೆ, ತೆಳುವಾದೊಂದು ಚೀಲದೊಳಗೆ, ಅವರೆಕಾಳಿನ ಗಾತ್ರದ ಮಸೂರವಿದೆ. ಹುಟ್ಟಿನಿಂದ ಸ್ಫಟಿಕದಂತಿದ್ದ ಆ ಮಸೂರವೇ ವಯಸ್ಸಿನೊಡನೆ ಮಸುಕಾಗುತ್ತದೆ. ಸುಲಿಯಲು ಅಲ್ಲಿ ಪದರವೇನೂ ಇಲ್ಲ. ಮಸೂರವನ್ನೇ ತೆಗೆದು ಬೇರೊಂದನ್ನು ಇಡಬೇಕು. ಲೇಸರ್ ಕಿರಣದ ವಿಷಯದಲ್ಲಿ ಇಂದು ಹರಡಿರುವ ಭ್ರಾಂತಿಗೆ ಬಹುಮಟ್ಟಿಗೆ ಈ ಹೆಸರೇ ಕಾರಣ. ಪದರವಿದ್ದರೆ ಬೆಳಕಿನಿಂದ ಸುಡಬಹುದಷ್ಟೆ!

ಸುಶ್ರುತ ಸಂಹಿತೆಯಲ್ಲಿ ಹೇಳಿರುವುದು ಮಸುಕನ್ನು ಶಲಾಕೆಯಿಂದ ದೃಷ್ಟಿಪಥದ ಆಚೆಗೆ ತಳ್ಳುವ ಕ್ರಮ. ಮಸೂರವನ್ನು ಕಣ್ಣಿನಿಂದ ಹೊರತೆಗೆಯುವ ಕ್ರಮವನ್ನು 1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಆರಂಭಿಸಿದನು. ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ನೇತ್ರಶಿಬಿರಗಳನ್ನು ನಡೆಸಿದ ಕಾಲದಲ್ಲಿ ಮಸೂರ ಕಳೆದುಕೊಂಡವರಿಗೆ ದಪ್ಪಗಾಜಿನ ಕನ್ನಡಕವೇ ಗತಿಯಾಗಿತ್ತು. ಅಜ್ಜಂದಿರ ಆ ಕನ್ನಡಕವನ್ನು ನೆನೆಯುವವರು ಈಗಲೂ ಇದ್ದಾರೆ. ಕಣ್ಣಿನೊಳಗೇ ಕೃತಕ ಮಸೂರವನ್ನಿಡುವ ಕಾರ್ಯವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿಯೇ ತೊಡಗಿದ್ದನಾದರೂ ಅದು ಸರ್ವತ್ರ ಹರಡಲು ದಶಕಗಳೇ ಹಿಡಿದವು.

ಇಂದು ನಗರಗಳಲ್ಲಿ ಸಾಮಾನ್ಯವಾಗಿರುವುದು ಅಮೆರಿಕದ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ರೂಪಿಸಿದ ಫೇಕೊ ವಿಧಾನ. ದಂತವೈದ್ಯನು ಹಲ್ಲಿನ ಕಿಟ್ಟ ತೆಗೆಯುವ ಸಾಧನವನ್ನು ಕಂಡು ಅವನಿಗೆ ಈ ಯುಕ್ತಿ ಹೊಳೆಯಿತು. ಕಣ್ಣಿನ ಮುಂಭಾಗದ ಕಾರ್ನಿಯದಲ್ಲಿ ಎರಡರಿಂದ ಮೂರು ಮಿಲಿಮೀಟರಿನ ಸೀಳು. ಮಸೂರದ ಚೀಲದಲ್ಲಿ ಸುಮಾರು ಐದು ಮಿಲಿಮೀಟರಿನ ದುಂಡು ಬಾಯಿ. ಅದರ ಮೂಲಕ ಇಳಿದ ಸೂಜಿಯೊಂದು ಕಿವಿಗೆ ಕೇಳಿಸದಷ್ಟು ವೇಗದಲ್ಲಿ ಕಂಪಿಸಿ ಮಸೂರವನ್ನು ಪುಡಿಮಾಡಿ ಹೀರಿಕೊಳ್ಳುತ್ತದೆ. ಮಡಿಸಿದ ಕೃತಕ ಮಸೂರ ಅದೇ ಸೀಳಿನಿಂದ ಒಳಹೋಗಿ ಚೀಲದೊಳಗೆ ಬಿಚ್ಚಿಕೊಳ್ಳುತ್ತದೆ. ಹೊಲಿಗೆ ಸಾಮಾನ್ಯವಾಗಿ ಬೇಕಿಲ್ಲ. ಇದನ್ನೇ ಅನೇಕರು ಲೇಸರ್ ಆಪರೇಶನ್ ಎನ್ನುತ್ತಾರೆ. ಇದರಲ್ಲಿ ಲೇಸರಿನ ಲೇಶವೂ ಇಲ್ಲ.

ನಿಜವಾದ ಲೇಸರ್ ಈ ಕೆಲಸಕ್ಕೆ ಬಂದುದು 2008ರಲ್ಲಿ, ಬುಡಾಪೆಸ್ಟಿನ ಜೋಲ್ಟಾನ್ ನಾಜ್ ಎಂಬ ವೈದ್ಯನ ಕೈಯಲ್ಲಿ. ಒಂದು ಸೆಕೆಂಡನ್ನು ಹತ್ತು ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಭಾಗ ಮಾಡಿದರೆ ಒಂದು ಫೆಮ್ಟೊಸೆಕೆಂಡ್; ಈ ಲೇಸರಿನ ಮಿಡಿತಗಳನ್ನು ಆ ಅಳತೆಯಲ್ಲಿ ಎಣಿಸಬೇಕು. ಕಣ್ಣನ್ನು ಹೀರುಬಳೆಯಿಂದ ಹಿಡಿದು ನಿಲ್ಲಿಸಿ, ಒಳಗಿನ ಪದರಗಳ ಚಿತ್ರ ತೆಗೆದು, ಯಂತ್ರವು ಮೂರು ಕೆಲಸಗಳನ್ನು ಮಾಡಬಲ್ಲದು: ಕಾರ್ನಿಯದ ಸೀಳು, ಚೀಲದ ದುಂಡುಬಾಯಿ, ಮಸೂರದ ಹೋಳು. ಕೈಯಿಂದ ಕೊರೆದುದಕ್ಕಿಂತ ಆ ಬಾಯಿ ಹೆಚ್ಚು ದುಂಡಾಗಿರುತ್ತದೆ ಎಂಬುದು ಸತ್ಯ. ಆದರೆ ಮುಂದೇನು? ಹೋಳುಗಳು ಕಣ್ಣಿನಲ್ಲೇ ಇವೆ. ಅವನ್ನು ತೆಗೆಯಲು ಅದೇ ಸೂಜಿ, ಮಸೂರವಿಡಲು ಅದೇ ಕೈ. ಅಡುಗೆಗೆ ತರಕಾರಿ ಹೆಚ್ಚಿಕೊಟ್ಟಂತೆ ಲೇಸರಿನ ನೆರವು. ಒಲೆಯ ಮುಂದೆ ನಿಲ್ಲುವವನು ಶಸ್ತ್ರವೈದ್ಯನೇ.

ಹೆಚ್ಚು ದುಂಡಾದ ಬಾಯಿಯಿಂದ ಹೆಚ್ಚು ಒಳ್ಳೆಯ ದೃಷ್ಟಿ ಬರುವುದೇ? ಇದನ್ನು ತೂಗಿ ನೋಡಿದ ಎರಡು ದೊಡ್ಡ ಪರೀಕ್ಷೆಗಳ ಫಲ 2020ರಲ್ಲಿ ಪ್ರಕಟವಾಯಿತು. ಫ್ರಾನ್ಸಿನಲ್ಲಿ 909 ರೋಗಿಗಳನ್ನೂ ಇಂಗ್ಲೆಂಡಿನಲ್ಲಿ 785 ರೋಗಿಗಳನ್ನೂ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಲೇಸರ್, ಇನ್ನೊಂದಕ್ಕೆ ಬರಿಯ ಫೇಕೊ ಮಾಡಲಾಯಿತು. ದೃಷ್ಟಿಯಲ್ಲಾಗಲಿ ಅಪಾಯದಲ್ಲಾಗಲಿ ಲೇಸರಿನ ಮೇಲುಗೈ ಕಾಣಲಿಲ್ಲ. ವೆಚ್ಚ ಮಾತ್ರ ಹೆಚ್ಚಾಯಿತು. ಯಂತ್ರದ ಬೆಲೆ ಅಪಾರವಾದುದು, ಕಣ್ಣಿಗೆ ತಾಗುವ ಭಾಗಗಳು ಪ್ರತಿ ರೋಗಿಗೂ ಹೊಸವಾಗಿರಬೇಕು. ಆ ಭಾರವೆಲ್ಲ ಕೊನೆಗೆ ಬಿಲ್ಲಿನ ಮೇಲೆಯೇ ಬೀಳುತ್ತದೆ.

ಲೇಸರ್ ನಿರರ್ಥಕವೆಂದು ಇದರ ತಾತ್ಪರ್ಯವಲ್ಲ. ಮಸೂರ ಬಹಳ ಗಟ್ಟಿಯಾಗಿದ್ದಲ್ಲಿ ಮೊದಲೇ ಹೋಳುಮಾಡಿದರೆ ಸೂಜಿಯ ಕಂಪನಶಕ್ತಿ ಕಡಿಮೆ ಸಾಕಾಗುತ್ತದೆ. ಪಾಪೆ ಹಿಗ್ಗದಿದ್ದರೆ, ಕಾರ್ನಿಯದಲ್ಲಿ ಕಲೆಯಿದ್ದರೆ, ಆ ಕಿರಣಕ್ಕೇ ಎಡೆಯಿಲ್ಲ. ಇನ್ನೊಂದು ಸಂಗತಿ: ದುಬಾರಿ ಕೃತಕ ಮಸೂರವನ್ನೂ ಲೇಸರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ದರ ಹೇಳುವುದುಂಟು. ಇವೆರಡೂ ಬೇರೆ ಬೇರೆ. ಕನ್ನಡಕ ಬೇಕೋ ಬೇಡವೋ ಎಂಬುದನ್ನು ಬಹುಪಾಲು ನಿರ್ಣಯಿಸುವುದು ಮಸೂರದ ಆಯ್ಕೆ ಮತ್ತು ಅದರ ಅಳತೆ. ದರವನ್ನು ಬಿಡಿಸಿ ಕೇಳುವುದು ಮನೆಯವರ ಹಕ್ಕು.

ಫೇಕೊ ಯಂತ್ರವೂ ಇಲ್ಲದೆ, ಆರೇಳು ಮಿಲಿಮೀಟರಿನ ಹೊಲಿಗೆಯಿಲ್ಲದ ಸೀಳಿನಿಂದ ಕೈಯಲ್ಲೇ ಮಸೂರ ತೆಗೆಯುವ ಕ್ರಮವೂ ಇದೆ. ನೇಪಾಳದಲ್ಲಿ 108 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಇದು ಫೇಕೊಗೆ ಸರಿಸಾಟಿಯಾದ ದೃಷ್ಟಿಯನ್ನು ಕಡಿಮೆ ವೆಚ್ಚದಲ್ಲಿ, ಕಡಿಮೆ ಸಮಯದಲ್ಲಿ ಕೊಟ್ಟಿತು. ಲೇಸರಿಗೆ ಹಣ ಕೂಡಲೆಂದು ಹಿರಿಯರ ಶಸ್ತ್ರಕ್ರಿಯೆಯನ್ನು ವರ್ಷಗಟ್ಟಲೆ ಮುಂದೂಡುವವರು ಇದನ್ನರಿಯಬೇಕು. ಅತಿಯಾಗಿ ಮಾಗಿದ ಮಸೂರ ಕಣ್ಣಿನ ಒಳಒತ್ತಡವನ್ನೇರಿಸಿ ನರವನ್ನು ಕೆಡಿಸಬಲ್ಲದು. ಆ ನಷ್ಟವನ್ನು ಯಾವ ಕಿರಣವೂ ತುಂಬಲಾರದು.

ಶಸ್ತ್ರಕ್ರಿಯೆಯಾದ ಕೆಲವು ತಿಂಗಳ ಅಥವಾ ವರ್ಷಗಳ ಬಳಿಕ ಕೆಲವರಿಗೆ ನೋಟ ಮತ್ತೆ ಮಂಜಾಗುವುದುಂಟು. ಆಗ ಮಸುಕಾಗಿರುವುದು ಮಸೂರವಲ್ಲ, ಅದನ್ನು ಹೊತ್ತ ಚೀಲದ ಹಿಂಬದಿ. ಯಾಗ್ ಎಂಬ ಬೇರೊಂದು ಲೇಸರಿನಿಂದ ಅದರ ನಡುವೆ ಕಿಂಡಿ ತೆರೆಯುತ್ತಾರೆ. ಸೀಳಿಲ್ಲ, ಕೆಲವು ನಿಮಿಷಗಳ ಕೆಲಸ. ರೋಗಿ ಅಂದೇ ಮನೆಗೆ ಮರಳುತ್ತಾನೆ. ಲೇಸರಿನಿಂದ ಪೊರೆ ತೆಗೆದರು ಎಂಬ ಮಾತು ಅಕ್ಷರಶಃ ಸಲ್ಲುವುದಾದರೆ ಈ ಒಂದೆಡೆಯಲ್ಲಿ ಮಾತ್ರ.